‘ಬೋರ್ಡ್ ಹೋಗಿದೆ’ ಅಂದ್ರೆ, ಏನು ಹಾಕಿ ನೋಡಿದ್ರಿ ಅಂತ ಕೇಳಿ

ಹಳೇ ಡೆಸ್ಕ್‌ಟಾಪ್ ಆನ್ ಆಗ್ತಿಲ್ಲ ಅಂತ ಅಂಗಡಿಗೆ ಹೊತ್ಕೊಂಡು ಹೋದ್ರೆ ಬಹಳ ಸಲ ಸಿಗೋ ಉತ್ತರ ಒಂದೇ: ‘ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ.’ ನಮ್ಮಲ್ಲಿ ಎಷ್ಟೋ ಜನಕ್ಕೆ ಮನೇಲಿ ಟ್ಯಾಲಿ ಪ್ರಾಕ್ಟೀಸ್ ಮಾಡೋಕೆ ಇರೋದು ಅದೊಂದೇ ಸಿಸ್ಟಮ್. ಹಾಗಾಗಿ ಆ ಮಾತನ್ನ ಸುಮ್ನೆ ಒಪ್ಕೋಬಾರದು ಅನ್ನೋದು ನನ್ನ ವಾದ.

ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ಲೆಡ್ಜರ್ ಹರಿದು ಹಾಕ್ತೀವಾ? ಮೊದಲು ಕೂಡಿದ್ದು ಸರಿ ಇದೆಯಾ ನೋಡ್ತೀವಿ. ವ್ಯತ್ಯಾಸ 9ರಿಂದ ಭಾಗ ಆದ್ರೆ ಅಂಕಿ ಅದಲುಬದಲಾಗಿದೆಯಾ ಅಂತ ಹುಡುಕ್ತೀವಿ. ಕಂಪ್ಯೂಟರಿಗೂ ಅಷ್ಟೇ ಗುರು, ಖರ್ಚಿಲ್ಲದ್ದು ಮೊದಲು.

ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ಮಾನಿಟರ್ ಕೇಬಲ್ ಸರಿ ಇದ್ರೆ ಮುಂದಿನ ಅನುಮಾನ ರ‍್ಯಾಮ್ ಮೇಲೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಹೋಗಲಿ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ‘ಟಕ್’ ಅನ್ನೋವರೆಗೆ ಕೂರಿಸಿ. ಎರಡಿದ್ರೆ ಒಂದೊಂದೇ ಹಾಕಿ ನೋಡಿ. ಹೊಸ ಸಿಸ್ಟಮ್ ಅಂದಾಜಿಗೆ ಹೋಗಿದ್ದ ಎಷ್ಟೋ ಕೇಸು ಇಲ್ಲೇ ಮುಗಿಯುತ್ತೆ.

ಇನ್ನೊಂದು ತಮಾಷೆ. ಸ್ವಿಚ್ ಆಫ್ ಮಾಡಿದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತೆ, ಆಮೇಲೆ ವೆಬ್‌ಸೈಟ್‌ಗಳು ‘ಸುರಕ್ಷಿತ ಅಲ್ಲ’ ಅಂತ ತೆರೆಯೋದೇ ಇಲ್ಲ. ಜನ ಇಂಟರ್ನೆಟ್ಟಿನವರಿಗೆ ಫೋನ್ ಮಾಡಿ ಬೈತಾರೆ! ಹೋಗಿರೋದು ಬೋರ್ಡ್ ಮೇಲಿನ ಬಿಲ್ಲೆಯಂಥ ಬ್ಯಾಟರಿ, ಸಿಆರ್2032, 3 ವೋಲ್ಟ್. ಫ್ಯಾನ್ಸಿ ಸ್ಟೋರಲ್ಲೂ ಸಿಗುತ್ತೆ.

ಹತ್ತು ನಿಮಿಷಕ್ಕೆ ತಾನಾಗೇ ಆಫ್ ಆದ್ರೆ ಪ್ರೊಸೆಸರ್ ಫ್ಯಾನಿನ ಕೆಳಗೆ ಧೂಳಿನ ಹಾಸಿಗೆ ಇದೆಯಾ ನೋಡಿ. ಹಾರ್ಡ್ ಡಿಸ್ಕ್ ‘ಟಿಕ್ ಟಿಕ್’ ಅಂದ್ರೆ ಮಾತ್ರ ರಿಪೇರಿ ಯೋಚನೆ ಪಕ್ಕಕ್ಕಿಟ್ಟು ಪ್ರಾಜೆಕ್ಟ್ ಫೈಲ್ ಕಾಪಿ ಮಾಡ್ಕೊಳ್ಳಿ. ಮತ್ತೆ ಎಸ್‌ಎಂಪಿಎಸ್ ಡಬ್ಬಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಲ್ಲಿ ಕರೆಂಟ್ ಉಳಿದಿರುತ್ತೆ.

ಅಂಗಡಿಯವರೆಲ್ಲ ಮೋಸಗಾರರು ಅಂತ ಹೇಳ್ತಿಲ್ಲ. ಅರ್ಧ ಗಂಟೆ ಕೂತು ರ‍್ಯಾಮ್ ಉಜ್ಜಿದ್ರೆ ಅವರಿಗೆ ಸಿಗೋದು ಸರ್ವಿಸ್ ಚಾರ್ಜ್ ಮಾತ್ರ, ಹೊಸ ಸಿಸ್ಟಮ್ ಮಾರಿದ್ರೆ ಮಾರ್ಜಿನ್. ಕಾಸ್ಟಿಂಗ್ ಓದೋ ನಮಗೆ ಇದು ಅರ್ಥ ಆಗದ ವಿಷಯ ಏನಲ್ಲ. ಜಗಳ ಬೇಡ, ಎರಡೇ ಪ್ರಶ್ನೆ ಕೇಳಿ: ‘ಅಣ್ಣ, ಬೇರೆ ರ‍್ಯಾಮ್ ಹಾಕಿ ನೋಡಿದ್ರಾ? ಬೇರೆ ಎಸ್‌ಎಂಪಿಎಸ್ ಕೊಟ್ಟು ನೋಡಿದ್ರಾ?’ ಎರಡಕ್ಕೂ ಹೌದು ಅಂದು, ನಿಮ್ಮೆದುರೇ ಹಾಕಿ ತೋರಿಸಿದ್ರೆ ಬೋರ್ಡ್ ನಿಜವಾಗಲೂ ಹೋಗಿರಬಹುದು. ಆಗಲೂ ಹಾರ್ಡ್ ಡಿಸ್ಕ್ ಬಿಚ್ಚಿಸಿಕೊಂಡೇ ಮನೆಗೆ ಬನ್ನಿ. ಅಪ್ಪ ಅಮ್ಮನ ಆಧಾರ್ ಸ್ಕ್ಯಾನ್, ಬ್ಯಾಂಕ್ ಪೇಪರ್ ಎಲ್ಲಾ ಅದರಲ್ಲೇ ಇರುತ್ತೆ.

ನಿಮ್ಮನೇ ಸಿಸ್ಟಮ್ ಆನ್ ಮಾಡಿದಾಗ ಎಷ್ಟು ಸಲ ಬೀಪ್ ಅನ್ನುತ್ತೆ, ಬೋರ್ಡ್ ಯಾವ ಕಂಪನಿದು ಅಂತ ಕಾಮೆಂಟಲ್ಲಿ ಹಾಕಿ. ಕಂಪನಿಗೊಂದು ಬೀಪ್ ಭಾಷೆ ಇದೆ, ಮುಂದಿನ ಪೋಸ್ಟ್ ಅದರ ಮೇಲೆ.