ಕಣ್ಣಂಚಿನ ಸೂಜಿ ಸಲೀಸಲ್ಲ

ಜೋತುಬಿದ್ದ ರೆಪ್ಪೆ, ಕಣ್ಣಂಚಿನ ಸುಕ್ಕು, ಕಣ್ಣಡಿಯ ಉಬ್ಬು. ಇವಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳುವುದು ಈಗ ಸಿನಿಮಾದವರ ಮಾತಷ್ಟೇ ಅಲ್ಲ. ಅದನ್ನು ಬಯಸುವವರನ್ನು ಹಂಗಿಸುವುದು ಸಲ್ಲದು. ನರೆಗೂದಲಿಗೆ ಬಣ್ಣ ಹಚ್ಚುವುದನ್ನು ಸಹಜವೆಂದು ಒಪ್ಪಿದ ಸಮಾಜಕ್ಕೆ ರೆಪ್ಪೆಯ ವಿಷಯದಲ್ಲಿ ನೀತಿ ಹೇಳುವ ಹಕ್ಕಿಲ್ಲ. ನನ್ನ ತಕರಾರು ಬೇರೆ. ಕತ್ತರಿ ಎಂದರೆ ಹೆದರುವ ನಾವು ಸೂಜಿ ಎಂದರೆ ಹಗುರವಾಗಿ ತೆಗೆದುಕೊಳ್ಳುತ್ತೇವೆ. ಅರ್ಧ ಗಂಟೆಯ ಕೆಲಸ, ಹೊಲಿಗೆ ಇಲ್ಲ, ರಜೆ ಹಾಕಬೇಕಿಲ್ಲ ಎಂಬ ಭರವಸೆ ಕೇಳಿದರೆ ಅದು ಫೇಶಿಯಲ್‌ಗಿಂತ ಒಂದು ಮೆಟ್ಟಿಲು ಮೇಲಿನ ಸೇವೆಯಂತೆ ಕಾಣುತ್ತದೆ. ಕಣ್ಣಿನ ಸುತ್ತ ಈ ಲೆಕ್ಕಾಚಾರ ತಪ್ಪು, ಕೆಲವೊಮ್ಮೆ ಸರಿಪಡಿಸಲಾಗದಷ್ಟು ತಪ್ಪು.

ಸೂಜಿಗಳಲ್ಲೂ ಎರಡು ಬಗೆ: ಬೊಟಾಕ್ಸ್ ಮತ್ತು ಫಿಲ್ಲರ್. ಬೊಟಾಕ್ಸ್ ಹುಟ್ಟಿದ್ದೇ ನೇತ್ರವೈದ್ಯದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ನೇತ್ರತಜ್ಞ ಅಲನ್ ಸ್ಕಾಟ್ ಅದನ್ನು ಮೆಳ್ಳೆಗಣ್ಣಿಗೆ ಮದ್ದಾಗಿ ರೂಪಿಸಿದರು. ಮೆಳ್ಳೆಗಣ್ಣಿಗೂ ರೆಪ್ಪೆಯ ಸೆಳೆತಕ್ಕೂ ಅಮೆರಿಕದ ಔಷಧ ನಿಯಂತ್ರಕರು 1989ರಲ್ಲಿ ಅನುಮತಿ ಕೊಟ್ಟರು. ರೆಪ್ಪೆ ಸೆಳೆತಕ್ಕೆ ಇದನ್ನು ಕೊಡುತ್ತಿದ್ದ ಕೆನಡಾದ ನೇತ್ರತಜ್ಞೆ ಜೀನ್ ಕ್ಯಾರದರ್ಸ್ ಹುಬ್ಬಿನ ನಡುವಿನ ಗೆರೆ ಮಾಯವಾಗುವುದನ್ನು ಗಮನಿಸಿದರು. ಆ ಗೆರೆಗೆ 2002ರಲ್ಲಿ, ಕಣ್ಣಂಚಿನ ಸುಕ್ಕಿಗೆ 2013ರಲ್ಲಿ ಅನುಮತಿ ಸಿಕ್ಕಿತು. ಔಷಧ ಸ್ನಾಯುವನ್ನು ಸಡಿಲಗೊಳಿಸುತ್ತದೆ, ಪರಿಣಾಮ ಮೂರು ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ಜಾಗ ತಪ್ಪಿ ರೆಪ್ಪೆ ಜೋತುಬಿದ್ದರೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ಫಿಲ್ಲರ್ ಹಾಗಲ್ಲ. ಅದು ಕುಳಿ ತುಂಬಲು ಚರ್ಮದಡಿ ಇಳಿಸುವ ಜೆಲ್, ಹೆಚ್ಚಾಗಿ ಹಯಲುರಾನಿಕ್ ಆಮ್ಲದ್ದು; ರೋಗಿಯದೇ ಕೊಬ್ಬನ್ನೂ ಹೀಗೆ ತುಂಬುವುದುಂಟು. ಕಣ್ಣಿಗೆ ರಕ್ತ ಒಯ್ಯುವ ಅಪಧಮನಿಯ ಕವಲುಗಳು ಹುಬ್ಬಿನ ನಡುವೆ, ಹಣೆಯಲ್ಲಿ, ಮೂಗಿನ ಬುಡದಲ್ಲಿ ಚರ್ಮದ ಹತ್ತಿರಕ್ಕೆ ಬರುತ್ತವೆ. ಸೂಜಿಯ ತುದಿ ಅಂಥ ಕವಲಿನೊಳಗೆ ಹೊಕ್ಕಿದ್ದು, ಸಿರಿಂಜನ್ನು ಜೋರಾಗಿ ಒತ್ತಿದರೆ ಜೆಲ್ ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ನುಗ್ಗುತ್ತದೆ. ಒತ್ತಡ ಬಿಟ್ಟ ಕೂಡಲೇ ರಕ್ತ ಅದನ್ನು ಮುಂದಕ್ಕೆ ತಳ್ಳಿ ಅಕ್ಷಿಪಟಲದ ನಾಳದಲ್ಲಿ ಸಿಲುಕಿಸುತ್ತದೆ. ಇದು ನಡೆಯಲು ಕೆಲವು ಕ್ಷಣ ಸಾಕು. ರಕ್ತ ಸಿಗದ ಅಕ್ಷಿಪಟಲ ಒಂದೆರಡು ಗಂಟೆ ದಾಟಿದರೆ ಚೇತರಿಸಿಕೊಳ್ಳುವುದು ಕಷ್ಟ. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಅಲ್ಲಿಯವರೆಗಿನ ವೈದ್ಯಕೀಯ ಬರಹಗಳನ್ನು ಜಾಲಾಡಿ, ಫಿಲ್ಲರ್‌ನಿಂದ ದೃಷ್ಟಿಗೆ ಪೆಟ್ಟಾದ 98 ಪ್ರಕರಣಗಳನ್ನು ಪಟ್ಟಿ ಮಾಡಿತು. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಚುಚ್ಚಿದ್ದು ರೋಗಿಯದೇ ಕೊಬ್ಬು, ಕಾಲುಭಾಗದಷ್ಟರಲ್ಲಿ ಹಯಲುರಾನಿಕ್ ಆಮ್ಲ. ಹೆಚ್ಚಿನವರಿಗೆ ದೃಷ್ಟಿ ಮರಳಲಿಲ್ಲ. ಅದೇ ವರ್ಷ ಅಮೆರಿಕದ ನಿಯಂತ್ರಕರೂ ಎಚ್ಚರಿಕೆ ಹೊರಡಿಸಿದರು.

ಇನ್ನು ಕತ್ತರಿಯ ಕಡೆ ಬನ್ನಿ. ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯನ್ನು ಕೂರಿಸಿಯೇ ಹೆಚ್ಚುವರಿ ಚರ್ಮಕ್ಕೆ ಪೆನ್ನಿನಿಂದ ಗುರುತು ಹಾಕುತ್ತಾರೆ. ಮಲಗಿದರೆ ಚರ್ಮದ ಬಾಗು ಬದಲಾಗುತ್ತದೆ. ರೆಪ್ಪೆ ಪೂರ್ತಿ ಮುಚ್ಚುವಷ್ಟು ಚರ್ಮ ಉಳಿಯುವಂತೆ ಅಳೆಯುತ್ತಾರೆ. ಒಂದು ಮಿಲಿಮೀಟರ್‌ಗಿಂತ ತೆಳುವಾದ ಚರ್ಮವಾದ್ದರಿಂದ ಹೊಲಿಗೆಯೂ ಅಷ್ಟೇ ನವಿರು. ಅಪಾಯ ಇಲ್ಲವೆಂದಲ್ಲ. ಕೆಳರೆಪ್ಪೆ ಹೊರಮಗುಚಬಹುದು, ಕಣ್ಣು ಒಣಗಬಹುದು. ಸುಮಾರು ಎರಡು ಸಾವಿರಕ್ಕೊಬ್ಬರಲ್ಲಿ ಗುಡ್ಡೆಯ ಹಿಂದೆ ರಕ್ತಸ್ರಾವ ಆಗುತ್ತದೆ. ಆದರೆ ನೋವು ಹೆಚ್ಚಿ ಕಣ್ಣು ಮುಂದಕ್ಕೆ ಉಬ್ಬಿದರೆ ತಕ್ಷಣ ಹೊಲಿಗೆ ಬಿಚ್ಚಿ ಒತ್ತಡ ಇಳಿಸಬೇಕೆಂದು ಅಲ್ಲಿರುವವರಿಗೆ ಗೊತ್ತು, ಉಪಕರಣ ಕೈಯಳತೆಯಲ್ಲಿರುತ್ತದೆ. ಮೇಲ್ರೆಪ್ಪೆ ಪಾಪೆಯ ಮೇಲೆ ಇಳಿದು ನೋಟಕ್ಕೆ ಅಡ್ಡಬಂದವರಿಗಂತೂ ಇದು ದೃಷ್ಟಿಯನ್ನೇ ಅಗಲಗೊಳಿಸುವ ಚಿಕಿತ್ಸೆ. ಆರೋಗ್ಯ ವಿಮೆ ರೂಪ ಬದಲಿಸುವ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆದ್ದರಿಂದ ಅಂಥವರು ಮೊದಲೇ ದೃಷ್ಟಿಕ್ಷೇತ್ರ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳುವುದು ಒಳ್ಳೆಯದು.

ಕೋಟಿಗಟ್ಟಲೆ ಚುಚ್ಚುಮದ್ದಿನ ಮುಂದೆ 98 ಯಾವ ಲೆಕ್ಕ ಎಂದು ಕೇಳಬಹುದು. ಅಪರೂಪ ನಿಜ. ಆದರೆ ಅದು ವೈದ್ಯಕೀಯ ಪತ್ರಿಕೆಗಳಿಗೆ ತಲುಪಿದವರ ಲೆಕ್ಕ ಮಾತ್ರ, ಮುಚ್ಚಿಹೋದ ಪ್ರಕರಣಗಳು ಅದರಲ್ಲಿ ಇಲ್ಲ. ಕಳೆದುಕೊಳ್ಳುವುದು ಚೆನ್ನಾಗಿ ಕಾಣುತ್ತಿದ್ದ ಕಣ್ಣನ್ನು. ಕಾಯಿಲೆಗೆ ಔಷಧ ಕೊಡುವಾಗ ಒಪ್ಪುವ ಅಪಾಯವನ್ನು ಆರೋಗ್ಯವಂತ ಕಣ್ಣಿನ ಪಕ್ಕದಲ್ಲಿ ಒಪ್ಪಲಾಗದು. ತಜ್ಞರಿಗೆ ಮಾತ್ರ ಬಿಟ್ಟರೆ ಬೆಲೆ ಏರುತ್ತದೆ, ಸಣ್ಣ ಊರಿನವರಿಗೆ ಸಿಗುವುದಿಲ್ಲ ಎಂಬುದು ಇನ್ನೊಂದು ವಾದ. ಇದರಲ್ಲಿ ಹುರುಳಿದೆ. ಹಾಗೆಂದು ನಾನು ಕೇಳುತ್ತಿರುವುದು ದುಬಾರಿ ಯಂತ್ರವನ್ನಲ್ಲ. ಚುಚ್ಚುವವರು ತರಬೇತಿ ಪಡೆದ ವೈದ್ಯರಾಗಿರಲಿ, ಜೆಲ್ ಕರಗಿಸುವ ಹಯಲುರೊನಿಡೇಸ್ ಅದೇ ಕೋಣೆಯಲ್ಲಿರಲಿ, ನೋಟ ಮಸುಕಾದರೆ ಯಾವ ಕಣ್ಣಾಸ್ಪತ್ರೆಗೆ ಓಡಬೇಕೆಂಬುದು ಮೊದಲೇ ತೀರ್ಮಾನವಾಗಿರಲಿ. ಕರಗಿಸಿದ ಮಾತ್ರಕ್ಕೆ ದೃಷ್ಟಿ ಮರಳುತ್ತದೆಂಬ ಖಾತರಿಯಿಲ್ಲ. ಕೊಬ್ಬನ್ನಂತೂ ಅದು ಕರಗಿಸುವುದೇ ಇಲ್ಲ. ಇಷ್ಟಕ್ಕೂ ಅನುಕೂಲವಿಲ್ಲದ ಕಡೆ ಅಗ್ಗವಾಗಿ ಸಿಗುವ ಫಿಲ್ಲರ್ ಯಾರಿಗೂ ಉಪಕಾರವಲ್ಲ.

ನಮ್ಮಲ್ಲಿ ಅನೇಕರಿಗೆ ಈ ಚುಚ್ಚುಮದ್ದು ಬೇಕಾಗಿಯೇ ಇಲ್ಲ ಎಂಬುದನ್ನೂ ಹೇಳಬೇಕು. ಕಣ್ಣಡಿಯ ಕಪ್ಪು ನಮ್ಮ ಚರ್ಮದಲ್ಲಿ ಬಹಳ ಸಾರಿ ಬಣ್ಣದ ಕಣಗಳಿಂದ ಬಂದದ್ದು, ಅಲರ್ಜಿಯಿಂದ ಕಣ್ಣುಜ್ಜುವ ಅಭ್ಯಾಸವೂ ಅದನ್ನು ಹೆಚ್ಚಿಸುತ್ತದೆ. ಫಿಲ್ಲರ್ ಕುಳಿಯ ನೆರಳನ್ನು ಕಡಿಮೆ ಮಾಡಬಲ್ಲದು, ಬಣ್ಣವನ್ನಲ್ಲ. ಮೇಲ್ಪದರದಲ್ಲಿ ಉಳಿದರೆ ನೀಲಿಛಾಯೆ ಕೊಟ್ಟು ಇನ್ನಷ್ಟು ಎದ್ದುಕಾಣುತ್ತದೆ.

ರಾಜ್ಯದಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ 2007ರಿಂದಲೇ ಇದೆ. ಖಾಸಗಿ ಚಿಕಿತ್ಸಾಲಯ ನೋಂದಣಿ ಆಗಿರಲೇಬೇಕು. ಫಿಲ್ಲರ್ ಚುಚ್ಚುವ ಪ್ರತಿ ಜಾಗದಲ್ಲೂ ಚುಚ್ಚುವವರ ಅರ್ಹತೆಯನ್ನೂ ತುರ್ತು ಔಷಧವನ್ನೂ ಆರೋಗ್ಯ ಇಲಾಖೆ ಪರಿಶೀಲಿಸಲಿ. ಅಲ್ಲಿಯವರೆಗೆ ಓದುಗರೇ ಕುರ್ಚಿಯಲ್ಲಿ ಒರಗುವ ಮುನ್ನ ಕೇಳಬೇಕು: ಚುಚ್ಚುವವರು ಯಾರು, ಹಯಲುರೊನಿಡೇಸ್ ಎಲ್ಲಿದೆ, ತೋರಿಸಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.