ಆಪರೇಷನ್ ಅಂದ್ರೆ ಅವಳಿಗೇ ಯಾಕೆ?

ಎರಡನೇ ಹೆರಿಗೆ ಆದವಳನ್ನ ನೋಡೋಕೆ ಬಂದೋರು ಮೆಲ್ಲಗೆ ಕೇಳ್ತಾರೆ: "ಆಪರೇಷನ್ ಆಯ್ತಾ?" ಯಾವ ಆಪರೇಷನ್, ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ. ಪಕ್ಕದಲ್ಲೇ ನಿಂತಿರೋ ಗಂಡನನ್ನ ಯಾರೂ ಕೇಳಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದ ವಿವಾಹಿತೆಯರಲ್ಲಿ ಶೇ. 57ರಷ್ಟು ಮಂದಿಗೆ ಸಂತಾನಹರಣ ಚಿಕಿತ್ಸೆ ಆಗಿದೆ. ಗಂಡಸರ ಲೆಕ್ಕ? 0.0. ದಶಾಂಶಕ್ಕೂ ಸಿಗದಷ್ಟು ವೀರರು ನಾವು!

ವ್ಯಾಸೆಕ್ಟಮಿಗೆ ಹೊಟ್ಟೆ ಕೊಯ್ಯೋದಿಲ್ಲ. ಮರಗಟ್ಟಿಸೋ ಇಂಜೆಕ್ಷನ್, ಒಂದು ಸಣ್ಣ ತೂತು, ಅವತ್ತೇ ಮನೆಗೆ. ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರೆ ಮುಗೀತು. ಗಂಡಸ್ತನ ಎಲ್ಲೂ ಹೋಗಲ್ಲ. ತುರ್ತುಪರಿಸ್ಥಿತಿಯ ಬಲವಂತದ ಭಯ ಇನ್ನೂ ಇದೆ ಅಂತೀರಾ? ಸರಿ. ಆದರೆ ಆ ಭಯದ ಬಿಲ್ಲು ಕಟ್ಟುತ್ತಿರೋದು ಹೆಂಗಸರು.

2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಬಳಿ ಒಂದು ಶಿಬಿರದಲ್ಲಿ, ಒಬ್ಬರೇ ಸರ್ಜನ್, ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನ ನಿಲ್ಲಿಸಿ ಅಂತ 2016ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು.

ಗುಣಮಟ್ಟ ಅಂದ್ರೆ ಬರೀ ಬಿಳಿ ಟೈಲ್ಸ್, ಎಸಿ ವಾರ್ಡ್ ಅಲ್ಲ ಸ್ವಾಮಿ. ಕಾಪರ್-ಟಿ, ಮಾತ್ರೆ, ಅಂತರಾ ಇಂಜೆಕ್ಷನ್, ವ್ಯಾಸೆಕ್ಟಮಿ ಎಲ್ಲವನ್ನೂ ಇಬ್ಬರನ್ನೂ ಕೂರಿಸಿ ವಿವರಿಸಬೇಕು, ಅಡ್ಡಪರಿಣಾಮ ಸಮೇತ. ನನ್ನ ಗೆಳತಿಗೆ ಒಂದು ದುಬಾರಿ ಆಸ್ಪತ್ರೆಯಲ್ಲಿ "ಗಂಡನ ಸೈನ್ ತನ್ನಿ" ಅಂದರು. ಸರ್ಕಾರದ ಮಾರ್ಗಸೂಚಿಯಲ್ಲಿ ಸಂಗಾತಿಯ ಒಪ್ಪಿಗೆ ಕಡ್ಡಾಯವೇ ಅಲ್ಲ!

ಪೆಟರ್ನಿಟಿ ಲೀವ್‌ಗೆ ಎಚ್‌ಆರ್ ಜೊತೆ ಜಗಳ ಆಡೋ ಹುಡುಗರೇ, ಆ ರಜೆಯಲ್ಲೇ ಒಂದು ದಿನ ಯೂರಾಲಜಿಸ್ಟ್ ಅಪಾಯಿಂಟ್‌ಮೆಂಟೂ ತಗೊಳ್ಳಿ.