ಬಾರಿನ ಲೋಟಕ್ಕೆ ಜಾತಿ ಇಲ್ಲವಂತೆ!

ಪಾಳಿ ಬಿಟ್ಟ ಮೇಲೆ ನಾವು ಬಸ್ ಸ್ಟ್ಯಾಂಡಿನ ಹಿಂದಿನ ಬಾರಿಗೆ ಹೋಗುತ್ತೇವೆ. ಮುಚ್ಚಿಡುವುದೇನು ಬಂತು? ಇಬ್ಬರಿಗೆ ಒಂದು ಕ್ವಾರ್ಟರು, ನೆಂಚಿಕೊಳ್ಳೋಕೆ ಒಂದು ಪ್ಲೇಟು ಬೋಟಿ, ಈರುಳ್ಳಿ ಖಾರ ಕಲಸಿದ ಕಡಲೆಬೀಜ. ಗೋಡೆ ಮೇಲೆ ಟೀವಿ, ಟೀವಿಯೊಳಗೆ ಕ್ರಿಕೆಟ್ಟು. ಸಿಕ್ಸರ್ ಬಿದ್ದರೆ ನಮ್ಮೂರ ಗೌಡರ ಹುಡುಗ ನಮ್ಮ ಹೆಗಲಿಗೆ ಕೈಹಾಕಿ ಕೂಗುತ್ತಾನೆ. ನಮ್ಮ ತಟ್ಟೆಯಿಂದಲೇ ಬೋಟಿ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾನೆ. 'ಎಲ್ಲಿದೆಯಪ್ಪಾ ಜಾತಿ? ಬಾರಿಗೆ ಬಂದು ನೋಡಿ' ಅನ್ನುತ್ತಾರೆ ಬುದ್ಧಿವಂತರು.

ನೋಡಿದ್ದೇವೆ ಸ್ವಾಮೀ. ದಿನಾ ನೋಡುತ್ತಿದ್ದೇವೆ.

ಹಬ್ಬಕ್ಕೆ ಒಂದೇ ಬಸ್ಸಿನಲ್ಲಿ ಊರಿಗೆ ಇಳಿದೆವು. ಅವನು ಊರೊಳಕ್ಕೆ, ನಾವು ಕೇರಿಗೆ. ಬೆಳಿಗ್ಗೆ ಟೀ ಅಂಗಡಿಯಲ್ಲಿ ಅವನ ಕೈಗೆ ಗಾಜಿನ ಲೋಟ, ನಮ್ಮ ಕೈಗೆ ಪೇಪರ್ ಕಪ್ಪು. ನಮ್ಮ ತಾತನಿಗೆ ತೆಂಗಿನ ಚಿಪ್ಪಿನಲ್ಲಿ ಹುಯ್ಯುತ್ತಿದ್ದರು. 'ಆ ಕಾಲ ಹೋಯ್ತು ಬುಡ್ರಪ್ಪ' ಅನ್ನುತ್ತಾರೆ. ಎಲ್ಲಿ ಹೋಯ್ತು? ಚಿಪ್ಪು ಕಾಗದವಾಗಿದೆ, ಅಷ್ಟೆ. ಕುಡಿದು ನಾವೇ ಎಸೆಯಬೇಕು. ನಾವು ಗೆಳೆಯನ ಮುಖ ನೋಡಿದೆವು. ಅವನು ಪತ್ರಿಕೆಯಲ್ಲಿ ಹಿಂದಿನ ದಿನದ ಮ್ಯಾಚಿನ ಸುದ್ದಿ ಓದುತ್ತಿದ್ದ.

ಈ ಆಟಕ್ಕೂ ಈ ಕಪ್ಪಿಗೂ ಹಳೆಯ ನಂಟು. ಪಾಲ್ವಂಕರ್ ಬಾಲೂ ನಮ್ಮ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರರ ಮಗ. ಪುಣೆಯ ಹಿಂದೂ ತಂಡಕ್ಕೆ ಅವರ ಎಡಗೈ ಸ್ಪಿನ್ ಬೇಕಾಗಿತ್ತು. ಅವರು ಮುಟ್ಟಿದ ಚೆಂಡನ್ನು ಮೈದಾನದಲ್ಲಿ ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಅವರು ಪೆವಿಲಿಯನ್ನಿನ ಹೊರಗೆ, ಅವರಿಗೆ ಎಸೆಯುವ ಮಣ್ಣಿನ ಕುಡಿಕೆ! 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತು ಬಂದರು. ಆದರೂ ಹಿಂದೂ ತಂಡದ ನಾಯಕನ ಪಟ್ಟ ಅವರಿಗೆ ಕಟ್ಟಲಿಲ್ಲ. ಅದು ತಮ್ಮ ವಿಠ್ಠಲನಿಗೆ ಸಿಕ್ಕಿದ್ದು 1923ರಲ್ಲಿ. ನಮ್ಮ ವಿಕೆಟ್ ಬೇಕು, ನಮ್ಮ ತುಟಿ ತಾಗಿದ ಲೋಟ ಬೇಡ!

ಹಾಗಾದರೆ ಬಾರಿನಲ್ಲಿ ಮಾತ್ರ ಲೋಟ ಒಂದೇ ಯಾಕೆ? ಬಾರಿನವನೇನು ಬಸವಣ್ಣನ ವಚನ ಓದಿ ಮನಸ್ಸು ಬದಲಿಸಿಕೊಂಡವನೇ? ಅವನಿಗೆ ನಮ್ಮ ನೋಟು ಬೇಕು. ಅಬಕಾರಿ ಸುಂಕ ಎಣಿಸುವ ಸರ್ಕಾರಕ್ಕೂ ಬೇಕು. 2007ರಲ್ಲಿ ಸಾರಾಯಿ ನಿಲ್ಲಿಸಿದರು. ಕುಡಿತ ನಿಂತಿತೇ? ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಅರ್ಧ ದಿನದ ಕೂಲಿ ಕೊಟ್ಟು ನಾವು ಎರಡು ಗಂಟೆಯ ಸಮಾನತೆಯನ್ನು ಬಾಡಿಗೆಗೆ ತರುತ್ತಿದ್ದೇವೆ. ಆ ದುಡ್ಡಿಗೆ ಊರಲ್ಲಿ ಅವ್ವ ಕಾಯುತ್ತಿರುತ್ತಾಳೆ. ಇನ್ನು ಆ ಬಾರಿನಲ್ಲೇ ಟೇಬಲ್ಲು ಒರೆಸಿ, ವಾಂತಿ ಬಳಿಯುವ ಹುಡುಗ ಯಾರು? ಕೇಳಿದೆವು. ಅವನೂ ಒಂದು ಕೇರಿಯಿಂದಲೇ ಬಂದವನು. ಜಾತಿ ಇಲ್ಲದ ಬಾರಿನಲ್ಲಿ ಬಳಿಯುವ ಕೆಲಸಕ್ಕೆ ಮಾತ್ರ ಜಾತಿ ನೆನಪಿರುತ್ತದೆ!

1927ರಲ್ಲಿ ಮಹಾಡಿನ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರನ್ನು ಕಟ್ಟಿಕೊಂಡು ನಡೆದರು. ಬರೀ ನೀರು ಕುಡಿದರು. ಬೆಳಕಿನಲ್ಲಿ, ಎಚ್ಚರದಲ್ಲಿ, ಎಲ್ಲರ ಕಣ್ಣೆದುರು ಕುಡಿದರು. ಆ ಒಂದು ಬೊಗಸೆ ನೀರಿಗೆ ಊರೇ ದೊಣ್ಣೆ ಹಿಡಿದು ಬಂತು. ಬಾರಿನಲ್ಲಿ ಕೂತ ನಮ್ಮ ಮೇಲೆ ಯಾರೂ ದೊಣ್ಣೆ ಎತ್ತುವುದಿಲ್ಲ. ಯಾಕೆಂದು ಯೋಚಿಸಿ.

ಗೆಳೆಯರೇ, ಕುಡಿಯಬೇಡಿ ಎಂದು ನೀತಿ ಹೇಳಲು ನಮಗೆ ಬಾಯಿಲ್ಲ. ಆದರೆ ಅಮಲಿನಲ್ಲಿ ಸಿಕ್ಕಿದ್ದನ್ನು ಬಿಡುಗಡೆ ಎಂದು ಕರೆಯುವುದು ಬೇಡ. ಹೋಟೆಲು, ಅಂಗಡಿಗಳಲ್ಲಿ ನಮ್ಮನ್ನು ತಡೆಯುವಂತಿಲ್ಲ ಎನ್ನುತ್ತದೆ ಸಂವಿಧಾನದ 15ನೇ ವಿಧಿ. ಅಸ್ಪೃಶ್ಯತೆ ಆಚರಿಸಿದರೆ ಅಪರಾಧ ಎನ್ನುತ್ತದೆ 17ನೇ ವಿಧಿ. ಮುಂದಿನ ಹಬ್ಬಕ್ಕೆ ನಾವು ನಾಲ್ಕು ಜನ ಊರಿನ ಟೀ ಅಂಗಡಿಗೆ ಹೋಗುತ್ತೇವೆ. ಗಾಜಿನ ಲೋಟ ಕೇಳುತ್ತೇವೆ. ಕೊಡದಿದ್ದರೆ ಅಲ್ಲಿಂದ ಸೀದಾ ಠಾಣೆಗೆ.

ಹೆಗಲಿಗೆ ಕೈಹಾಕಿ ಕೂಗಿದ ಗೆಳೆಯಾ, ಆವತ್ತು ನೀನು ಪತ್ರಿಕೆ ಮಡಿಚಿಟ್ಟು ನಮ್ಮ ಜೊತೆ ಸಾಕ್ಷಿಗೆ ಬರುತ್ತೀಯಾ?